ಯಾರು ದೊಡ್ಡ ಪಟ್ಟುಗಾರ ಅನ್ನೋ ಜಗಳಕ್ಕೆ ಫೈಟ್ ಲೈಬ್ರರಿ ಸಬ್‌ಸ್ಕ್ರಿಪ್ಷನ್ ತಗೊಂಡೆ: ಮೂರು ತಿಂಗಳಾದ್ಮೇಲಿನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಯಾವ ಆಪ್ ಅಂತ ಹೆಸರು ಹಾಕಲ್ಲ, ಯಾಕಂದ್ರೆ ಬೈಯೋದು ಜಾಸ್ತಿ ಇದೆ, ಹೊಗಳೋದು ಸ್ವಲ್ಪ ಇದೆ. ಹಳೇ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಮಿಶ್ರ ಕಾಳಗ) ಫೈಟುಗಳನ್ನ ರಾಶಿ ಹಾಕಿಟ್ಟಿರೋ ಒಂದು ಸ್ಟ್ರೀಮಿಂಗ್ ಸರ್ವಿಸ್ ಅದು, ತಿಂಗಳಿಗೆ ಇಷ್ಟು ಅಂತ ಕಟ್ಬೇಕು, ಫೋನಲ್ಲೂ ಟಿವಿಲೂ ನೋಡ್ಬೋದು. ನಾನು ತಗೊಂಡಿದ್ದು ಮಾತ್ರ ಫೈಟ್ ನೋಡೋ ಆಸೆಗಲ್ಲ, ಜಗಳ ಗೆಲ್ಲೋಕೆ.

ಜಗಳ ಏನಂದ್ರೆ, ಎಂಎಂಎಲಿ ಇದುವರೆಗೆ ಬಂದಿರೋರಲ್ಲಿ ಅತಿ ದೊಡ್ಡ ಗ್ರಾಪ್ಲರ್, ಅಂದ್ರೆ ಹೊಡೆಯೋದಕ್ಕಿಂತ ಹಿಡಿದು ಪಟ್ಟು ಹಾಕಿ ಗೆಲ್ಲೋನು, ಯಾರು. ನನ್ನ ಗೆಳೆಯ ಕಣ್ಣು ಮುಚ್ಚಿ ರಷ್ಯಾದ ಡಾಗೆಸ್ತಾನದ ಕಬೀಬ್ ಅಂತಾನೆ, ಬೇರೆ ಹೆಸರು ತೆಗೆದ್ರೆ ಸಾಕು 29-0, 29-0 (29 ಗೆಲುವು, ಒಂದೂ ಸೋಲಿಲ್ಲ) ಅಂತ ಜಪ ಮಾಡ್ತಾನೆ. ನಾನು ಬ್ರೆಜಿಲ್‌ನ ಜಿಯು ಜಿಟ್ಸು (ನೆಲದ ಮೇಲಿನ ಪಟ್ಟುಗಳ ವಿದ್ಯೆ) ಪಟು ಡೆಮಿಯನ್ ಮಾಯಾ ಕಡೆಯವನು. ಇಬ್ರೂ ವಾದ ಮಾಡ್ತಿದ್ದಿದ್ದು ಎರಡೆರಡು ನಿಮಿಷದ ಕ್ಲಿಪ್ ನೋಡ್ಕೊಂಡು, ಅವನು ನಂಗೊಂದು ಕಳಿಸೋದು ನಾನು ಅವನಿಗೊಂದು ಕಳಿಸೋದು, ಹೀಗೇ ವರ್ಷಗಟ್ಲೆ. ಕೊನೆಗೆ ಸಾಕಾಗಿ, ಪೂರ್ತಿ ಫೈಟುಗಳನ್ನೇ ನೋಡಿ ಸಾಬೀತು ಮಾಡ್ತೀನಿ ಕಣೋ ಅಂತ ಹೇಳಿ ದುಡ್ಡು ಕಟ್ಟಿದೆ.

ಸರಿ, ಆಪ್ ಓಪನ್ ಮಾಡಿದ ಮೊದಲ ದಿನವೇ ಸಿಕ್ಕಿದ್ದು 1993ರ ನವೆಂಬರ್‌ನ ಮೊಟ್ಟಮೊದಲ ಯುಎಫ್‌ಸಿ (ಈಗ ಎಂಎಂಎಲಿ ಅತಿ ದೊಡ್ಡದಾಗಿರೋ ಅಮೆರಿಕದ ಕೂಟ). ಡೆನ್ವರ್‌ನಲ್ಲಿ ನಡೆದಿದ್ದು. ಬ್ರೆಜಿಲ್‌ನ ಜಿಯು ಜಿಟ್ಸು ಮನೆತನದ ರಾಯ್ಸ್ ಗ್ರೇಸಿ ಬಿಳಿ ಗೀ (ಜೂಡೋದಲ್ಲಿ ಹಾಕೋ ಥರದ ದಪ್ಪ ಉಡುಪು) ಹಾಕ್ಕೊಂಡು ಬರ್ತಾನೆ, ನೋಡೋಕೆ ಯಾವ್ದೋ ಆಫೀಸಲ್ಲಿ ಲೆಕ್ಕ ಬರೆಯೋ ಹುಡುಗನ ಥರ, ಒಂದೇ ರಾತ್ರಿ ಮೂರು ಜನಾನ ಮುಗಿಸಿ ಹೋಗ್ತಾನೆ. ಮುಂದಿನ ಟೂರ್ನಮೆಂಟಲ್ಲಿ ಒಂದೇ ರಾತ್ರಿ ನಾಲ್ಕು. ಈಗ ಕೂತು ನೋಡಿದ್ರೆ ಟೆಕ್ನಿಕ್ ಏನೂ ಅಂಥ ಮಾಯಾಜಾಲ ಅಲ್ಲ, ಇವತ್ತು ಯಾವ ಜಿಮ್‌ಗೆ ಹೋದ್ರೂ ಮೊದಲ ವರ್ಷದಲ್ಲೇ ಹೇಳ್ಕೊಡೋದು. ಆದ್ರೆ ಎದುರಿಗಿದ್ದೋರಿಗೆ ತಮಗೆ ಏನಾಗ್ತಿದೆ ಅನ್ನೋದೇ ಗೊತ್ತಿಲ್ಲ ನೋಡಿ. ನೀರಲ್ಲಿ ಈಜೋಕೆ ಬರದವನನ್ನ ಎಳ್ಕೊಂಡು ಹೋಗಿ ಬಾವಿಗೆ ಹಾಕಿದ ಹಾಗೆ.

ಇಲ್ಲೊಂದು ತಮಾಷೆ. 1994ರ ಡಿಸೆಂಬರ್‌ನ ಯುಎಫ್‌ಸಿ 4ರ ಫೈನಲ್ ಇದೆಯಲ್ಲ, ರಾಯ್ಸ್ ಮತ್ತೆ ಡ್ಯಾನ್ ಸೆವರ್ನ್, ಸೆವರ್ನ್ ಅವನಿಗಿಂತ ಮೂವತ್ತು ಕೆಜಿಗೂ ಜಾಸ್ತಿ ತೂಕದ ಕುಸ್ತಿಪಟು, ಹದಿನೈದು ನಿಮಿಷ ಮೇಲೇ ಕೂತಿರ್ತಾನೆ, ರಾಯ್ಸ್ ಕೆಳಗೆ ಮಲ್ಕೊಂಡೇ ಕಾಯ್ತಾನೆ, ಕಾಯ್ತಾನೆ, ಕಾಯ್ತಾನೆ, 15 ನಿಮಿಷ 49 ಸೆಕೆಂಡಿಗೆ ಕಾಲೆರಡನ್ನೂ ಕತ್ತಿಗೆ ಸುತ್ತಿ ಟ್ರಯಾಂಗಲ್ ಬಿಗಿದು ಟ್ಯಾಪ್ ಮಾಡಿಸ್ತಾನೆ, ಅಂದ್ರೆ ಕೈ ತಟ್ಟಿ ಸೋಲು ಒಪ್ಕೊಳ್ಳೋ ಹಾಗೆ ಮಾಡ್ತಾನೆ. ಆವತ್ತು ದುಡ್ಡು ಕೊಟ್ಟು ಲೈವ್ ನೋಡ್ತಿದ್ದ ಎಷ್ಟೋ ಮನೆಗಳಲ್ಲಿ ಪ್ರಸಾರಕ್ಕೆ ಬುಕ್ ಮಾಡಿದ್ದ ಟೈಮ್ ಮುಗಿದು, ಕ್ಲೈಮ್ಯಾಕ್ಸ್ ಬರೋಕೆ ಮುಂಚೆ ಟಿವಿ ಪರದೆ ಕಪ್ಪಾಗ್ಬಿಡ್ತು. ಹೊಟ್ಟೆ ಉರಿ ಅಂದ್ರೆ ಅದು. ಮೂವತ್ತು ವರ್ಷ ಆದ್ಮೇಲೆ ನಾನು ಕಾಲು ಚಾಚ್ಕೊಂಡು ಅದರ ಕೊನೆಯನ್ನ ನಾಲ್ಕು ಸಲ ಹಿಂದೆ ಮುಂದೆ ಮಾಡಿ ನೋಡಿದೀನಿ, ಅಷ್ಟರ ಮಟ್ಟಿಗೆ ಸರ್ವಿಸ್‌ಗೆ ಪೂರ್ತಿ ಮಾರ್ಕ್ಸ್.

ಆದ್ರೆ ರಾಯ್ಸ್‌ನ ಅತಿ ದೊಡ್ಡವ್ನು ಅನ್ನೋಕೆ ನಂಗೆ ಮನಸ್ಸು ಬರಲ್ಲ. ಮೊದಲಿಗ ಬೇರೆ, ದೊಡ್ಡವ್ನು ಬೇರೆ. ಯಾಕೆ ಅಂತ ಅದೇ ಲೈಬ್ರರಿಲಿ ಇರೋ 2000ದ ಮೇ 1ರ ಫೈಟ್ ನೋಡಿದ್ರೆ ಗೊತ್ತಾಗುತ್ತೆ. ಜಪಾನಿನ ಪ್ರೈಡ್ ಟೂರ್ನಮೆಂಟ್, ಎದುರಿಗೆ ಕಝುಶಿ ಸಕುರಾಬಾ. ಹದಿನೈದು ನಿಮಿಷದ ರೌಂಡು, ಎಷ್ಟು ರೌಂಡ್ ಆದ್ರೂ ಸರಿ, ಗೆಲ್ಲೋವರೆಗೂ ನಡೀಬೇಕು ಅಂತ ಗ್ರೇಸಿ ಕಡೆಯೋರೇ ಹಟ ಹಿಡಿದು ಮಾಡಿಸ್ಕೊಂಡ ರೂಲ್ಸು. ಆರು ರೌಂಡ್, 90 ನಿಮಿಷ! ಸಕುರಾಬಾ ಅವನ ಗೀಯನ್ನೇ ಹಿಡಿದು ಆಟ ಆಡಿಸ್ತಾನೆ, ಒಂದು ಹೊತ್ತಲ್ಲಿ ಪ್ಯಾಂಟನ್ನೇ ಎಳೆಯೋಕೆ ಹೋಗ್ತಾನೆ, ನಗು ತಡಕೊಳ್ಳೋಕಾಗಲ್ಲ. ಕೊನೆಗೆ ರಾಯ್ಸ್ ಕಡೆಯಿಂದ ಸೋಲು ಒಪ್ಪೋ ಟವೆಲ್ ಬಿತ್ತು. ಸಕುರಾಬಾ ಆ ಮೇಲೆ ಅದೇ ರಾತ್ರಿ ಇಗೋರ್ ವೊವ್‌ಚಾನ್ಚಿನ್ ಅನ್ನೋ ಗುಂಡುಕಲ್ಲಿನಂಥ ಹೊಡೆತಗಾರನ ಜೊತೆ ಇನ್ನೂ ಹದಿನೈದು ನಿಮಿಷ ಆಡಿದಾನೆ. ತೊಂಬತ್ತು ನಿಮಿಷ ಆದ್ಮೇಲೆ! ನಾನು ಸೋಫಾ ಮೇಲೆ ಕೂತು ಬರೀ ನೋಡಿದ್ದಕ್ಕೇ ಸೊಂಟ ಹಿಡ್ಕೊಂಡಿತ್ತು.

ಸಕುರಾಬಾ ವಿಷಯದಲ್ಲಿ ಇನ್ನೊಂದು ಹೇಳ್ಬೇಕು. ಇವನ ಪೇಟೆಂಟ್ ಪಟ್ಟು ಕಿಮುರಾ, ಅಂದ್ರೆ ಎದುರಾಳಿ ಮುಂಗೈ ಹಿಡಿದು, ನಮ್ಮ ಇನ್ನೊಂದು ಕೈಯನ್ನ ಅವನ ತೋಳಿನ ಕೆಳಗಿಂದ ತೂರಿಸಿ, ನಮ್ಮ ಮುಂಗೈಯನ್ನೇ ನಾವು ಹಿಡ್ಕೊಂಡು ಅವನ ಕೈಯನ್ನ ಬೆನ್ನ ಹಿಂದಕ್ಕೆ ತಿರುಚೋದು. ಆ ಹೆಸರು ಬಂದಿದ್ದೇ ಮಸಾಹಿಕೊ ಕಿಮುರಾ ಅನ್ನೋ ಜೂಡೋ ಆಟಗಾರನಿಂದ, ಆತ 1951ರಲ್ಲಿ ಬ್ರೆಜಿಲ್‌ನ ಮರಕಾನಾದಲ್ಲಿ ರಾಯ್ಸ್‌ನ ಅಪ್ಪ ಹೆಲಿಯೊ ಗ್ರೇಸಿ ಕೈಗೆ ಇದೇ ಪಟ್ಟು ಹಾಕಿ ಸೋಲಿಸಿದ್ದ. ಸುಮಾರು ಐವತ್ತು ವರ್ಷ ಆದ್ಮೇಲೆ ಇನ್ನೊಬ್ಬ ಜಪಾನೀ ಬಂದು ಅದೇ ಮನೆತನದ ರಾಯ್ಲರ್‌ಗೆ 1999ರಲ್ಲಿ, ರೆಂಝೋಗೆ 2000ದಲ್ಲಿ, ಅದೇ ಪಟ್ಟು ಹಾಕ್ತಾನೆ. ರೆಂಝೋ ಮೊಣಕೈ ಕೀಲು ತಪ್ಪಿತು, ಆದ್ರೂ ಆ ಪುಣ್ಯಾತ್ಮ ಟ್ಯಾಪ್ ಮಾಡ್ಲಿಲ್ಲ. ಆ ಸೀನನ್ನ ನಾನು ಒಂದೇ ಸಲ ನೋಡಿದ್ದು, ಇನ್ನೊಂದ್ಸಲ ಬೇಡ.

ಈಗ ಆಪ್ ಬಗ್ಗೆ. ಇದರ ಅತಿ ದೊಡ್ಡ ಪಾಪ ಏನು ಗೊತ್ತಾ, "ಚುಟುಕು ಆವೃತ್ತಿ" ಅಂತ ಒಂದು ಆಪ್ಷನ್ ಇಟ್ಟಿದಾರೆ, ಮತ್ತೆ ಅದನ್ನೇ ಡೀಫಾಲ್ಟ್ ಮಾಡಿದಾರೆ. ಪ್ಲೇ ಒತ್ತಿದ್ರೆ ಮೊದಲು ಓಡೋದು ಅದೇ. ಅದರಲ್ಲಿ ಏನ್ ಮಾಡಿರ್ತಾರೆ ಅಂದ್ರೆ, ಹೊಡೆದಾಟ ಕಮ್ಮಿ ಇರೋ ಜಾಗ ಎಲ್ಲ ಕತ್ತರಿ. ಅಂದ್ರೆ ಇಬ್ರೂ ನೆಲದ ಮೇಲೆ ಅಂಟ್ಕೊಂಡು ಏನೂ ಆಗದ ಹಾಗೆ ಕಾಣೋ ಭಾಗ. ಅಯ್ಯೋ ಮಾರಾಯ, ಗ್ರಾಪ್ಲಿಂಗ್ ಅಂದ್ರೆ ಅದೇ ಅಲ್ವಾ! ಕೊನೆಯಲ್ಲಿ ಕತ್ತು ಹಿಸುಕೋದು ಮೂರು ಸೆಕೆಂಡಿನ ಕೆಲಸ, ಅದಕ್ಕೆ ಮುಂಚಿನ ನಾಲ್ಕು ನಿಮಿಷ ಬೆರಳು ಬಿಡಿಸೋದು, ಮೊಣಕಾಲು ಅರ್ಧ ಇಂಚು ಒಳಗೆ ತೂರಿಸೋದು, ತಲೆಯಿಂದ ಗದ್ದ ಒತ್ತಿ ಮುಖ ಆ ಕಡೆ ತಿರುಗಿಸೋದು, ಇದನ್ನೆಲ್ಲ ಕತ್ತರಿಸಿ ಬಿಸಾಕಿದ್ರೆ ಉಳಿಯೋದೇನು? ನಾನು ಮೊದಲ ಎರಡು ವಾರ ಗೊತ್ತಿಲ್ಲದೇ ಈ ಚುಟುಕು ಆವೃತ್ತಿಗಳನ್ನೇ ನೋಡಿ ದೊಡ್ಡ ದೊಡ್ಡ ಅಭಿಪ್ರಾಯ ಮಾಡ್ಕೊಂಡಿದ್ದೆ, ಸೆಟ್ಟಿಂಗ್ಸ್ ಒಳಗೆ ಹೋಗಿ ಮೂರನೇ ಮೆನುವಲ್ಲಿ ಇದನ್ನ ಆಫ್ ಮಾಡ್ಬೋದು ಅಂತ ಆಮೇಲೆ ಗೊತ್ತಾಯ್ತು, ಎಲ್ಲಾ ಮತ್ತೆ ಮೊದಲಿಂದ ನೋಡ್ಬೇಕಾಯ್ತು.

ನಮ್ಮ ಜಗಳದ್ದೂ ಇದೇ ರೋಗ ಅಂತ ಆವಾಗ ಹೊಳೀತು. ನಾವಿಬ್ರೂ ಚುಟುಕು ಆವೃತ್ತಿ ನೋಡ್ಕೊಂಡೇ ಬಡಿದಾಡ್ತಿದ್ವಿ.

ಉದಾಹರಣೆಗೆ ನೊಗೇರಾ. ಬ್ರೆಜಿಲ್‌ನ ಹೆವಿವೇಟ್ ಆಂಟೋನಿಯೊ ರೊಡ್ರಿಗೊ ನೊಗೇರಾ, ಚಿಕ್ಕ ಹುಡುಗ ಇದ್ದಾಗ ಲಾರಿ ಮೈಮೇಲೆ ಹರಿದು ಕೋಮಾಗೆ ಹೋಗಿ ಬದುಕಿ ಬಂದವನು. 2002ರ ಆಗಸ್ಟಲ್ಲಿ ಟೋಕಿಯೋದಲ್ಲಿ ಬಾಬ್ ಸ್ಯಾಪ್ ಜೊತೆ ಫೈಟ್, ಸ್ಯಾಪ್ ಅವನಿಗಿಂತ ಐವತ್ತು ಕೆಜಿಗೂ ಮೇಲೆ ಭಾರ. ಶುರುವಾದ ಕೂಡ್ಲೇ ನೊಗೇರಾ ಕಾಲಿಗೆ ಹೋಗ್ತಾನೆ, ಸ್ಯಾಪ್ ಅವನನ್ನ ತಲೆಕೆಳಗಾಗಿ ಎತ್ತಿ ಮೂಟೆ ಒಗೆದ ಹಾಗೆ ತಲೆ ಊರೋ ಥರ ನೆಲಕ್ಕೆ ಇಳಿಸ್ತಾನೆ. ಕ್ಲಿಪ್ಪಲ್ಲಿ ಇದು ಇರುತ್ತೆ, ಎರಡನೇ ರೌಂಡಲ್ಲಿ ಆರ್ಮ್‌ಬಾರ್ (ಮೊಣಕೈ ಮುರಿಯೋ ಹಾಗೆ ಕೈಯನ್ನ ನೆಟ್ಟಗೆ ಎಳೆಯೋ ಪಟ್ಟು) ಹಾಕಿ ಗೆದ್ದಿದ್ದೂ ಇರುತ್ತೆ. ಇರದೇ ಇರೋದು ಮಧ್ಯದ್ದು, ಒಂದೊಂದೇ ಏಟು ತಿಂತಾ ತಿಂತಾ ಆ ಬೆಟ್ಟವನ್ನ ಸುಸ್ತು ಮಾಡ್ಸೋದು. ಪ್ರತಿ ಸಲ ಸ್ಯಾಪ್ ಕೈ ಎತ್ತಿ ಹೊಡೆಯೋಕೆ ಹೋದಾಗ ನೊಗೇರಾ ಕಾಲು ಅವನ ಹೆಗಲ ಹತ್ರ ಏರ್ತಾ ಇರುತ್ತೆ, ಅವನು ಕಿತ್ಕೊಳ್ತಾನೆ, ಮತ್ತೆ ಏರುತ್ತೆ. ಮುಂದಿನ ವರ್ಷ ನವೆಂಬರಲ್ಲಿ ಕ್ರೋ ಕಾಪ್ ಅನ್ನೋ ಒದೆತಗಾರನ ಜೊತೆ ಆಡಿದ್ದು ಇದಕ್ಕಿಂತ ಘೋರ, ಮೊದಲ ಹತ್ತು ನಿಮಿಷದ ರೌಂಡು ಪೂರ್ತಿ ಒದೆ ತಿಂದು ಕೊನೆ ಗಳಿಗೆಲಿ ತಲೆಗೆ ಕಿಕ್ ಬಿದ್ದು ಉರುಳಿ ಬಿದ್ದವನು, ಎರಡನೇ ರೌಂಡಿಗೆ ಎದ್ದು ಬಂದು ಒಂದೇ ಟೇಕ್‌ಡೌನ್ (ನೆಲಕ್ಕೆ ಕೆಡವೋದು), ಮೌಂಟ್ (ಮೈಮೇಲೆ ಏರಿ ಕೂರೋದು), ಆರ್ಮ್‌ಬಾರ್. ನಾನು ಆ ಹತ್ತು ನಿಮಿಷ ಫಾಸ್ಟ್ ಫಾರ್ವರ್ಡ್ ಮಾಡ್ದೆ ನೋಡಿದೆ. ಮಾಡಿದ್ರೆ ಆ ಆರ್ಮ್‌ಬಾರ್‌ಗೆ ಬೆಲೆನೇ ಇರ್ತಿರ್ಲಿಲ್ಲ.

ಆದ್ರೆ ನೊಗೇರಾನ ಒಂದನೇ ನಂಬರ್ ಅನ್ನೋಕೆ ಅಡ್ಡ ಬರೋನು ರಷ್ಯಾದ ಫೆಡೋರ್, ಎರಡು ಸಲ ಸೋಲಿಸಿದಾನೆ, ಮೊದಲ ಸಲವಂತೂ ಅವನ ಗಾರ್ಡ್ (ಕೆಳಗೆ ಮಲಗಿದವನು ಎದುರಾಳಿನ ಕಾಲುಗಳ ಮಧ್ಯೆ ಹಿಡಿದಿಡೋದು) ಒಳಗೇ ಕೂತು ಗುದ್ದಿ ಗುದ್ದಿ. ಸರಿ ಫೆಡೋರ್ ಅನ್ನೋಣ ಅಂದ್ರೆ 2010ರ ಜೂನಲ್ಲಿ ಫ್ಯಾಬ್ರಿಸಿಯೊ ವೆರ್ಡುಮ್ 69 ಸೆಕೆಂಡಲ್ಲಿ ಟ್ರಯಾಂಗಲ್ಲು ಆರ್ಮ್‌ಬಾರು ಎರಡೂ ಸೇರಿಸಿ ಬಿಗಿದು ಹತ್ತಿರ ಹತ್ತಿರ ಹತ್ತು ವರ್ಷದ ಅಜೇಯ ಓಟ ನಿಲ್ಲಿಸ್ಬಿಟ್ಟ. ವೆರ್ಡುಮ್ ಬಿದ್ದ, ಫೆಡೋರ್ ಮುಗಿಸ್ಬಿಡೋಣ ಅಂತ ಮೇಲೆ ಹಾರಿದ, ಅಷ್ಟೇ, ಬೋನೊಳಗೆ ಕಾಲಿಟ್ಟ ಹಾಗಾಯ್ತು. ಈ ವೆರ್ಡುಮ್ ಹೆಸರನ್ನ ನಮ್ಮ ಜಗಳದಲ್ಲಿ ಯಾರೂ ತೆಗೆಯಲ್ಲ, ನಂಗದೇ ಆಶ್ಚರ್ಯ. ಫೆಡೋರ್‌ನ ಟ್ಯಾಪ್ ಮಾಡಿಸಿದಾನೆ, 2013ರಲ್ಲಿ ನೊಗೇರಾನ ಆರ್ಮ್‌ಬಾರ್ ಹಾಕಿ ಟ್ಯಾಪ್ ಮಾಡಿಸಿದಾನೆ, 2015ರಲ್ಲಿ ಮೆಕ್ಸಿಕೊ ಸಿಟಿಲಿ ಕೇನ್ ವೆಲಾಸ್ಕೆಝ್‌ನ ಗಿಲೊಟಿನ್ (ಮುಂದಿನಿಂದ ಕತ್ತು ಹಿಸುಕೋ ಪಟ್ಟು) ಹಾಕಿ ಟ್ಯಾಪ್ ಮಾಡಿಸಿ ಚಾಂಪಿಯನ್ ಬೆಲ್ಟ್ ತಗೊಂಡಿದಾನೆ. ಹೆವಿವೇಟ್ ಅಂದ ತಕ್ಷಣ ಬಾಯಿಗೆ ಬರೋ ಮೂರು ಹೆಸರು, ಮೂವರಿಂದಲೂ ಒಬ್ಬನೇ ಟ್ಯಾಪ್ ಮಾಡಿಸಿದ್ದು. ಪಾಪ ಮುಖದಲ್ಲಿ ಯಾವಾಗ್ಲೂ ನಗು ಇಟ್ಕೊಂಡಿರ್ತಾನಲ್ಲ ಅದಕ್ಕೆ ಜನ ಸೀರಿಯಸ್ಸಾಗಿ ತಗೊಳ್ಳಲ್ವೋ ಏನೋ.

ಇನ್ನು ಮೆಡಲ್ ಲೆಕ್ಕ ಹಾಕೋರು ಇರ್ತಾರೆ, ಒಲಿಂಪಿಕ್ಸಲ್ಲಿ ಗೆದ್ದವನೇ ದೊಡ್ಡ ಗ್ರಾಪ್ಲರ್ ಅಂತ. ಅದು ಕೇಜೊಳಗೆ (ಎಂಎಂಎ ಆಡೋ, ಸುತ್ತ ಬೇಲಿ ಇರೋ ಅಖಾಡ) ಅಷ್ಟು ಸರಳ ಅಲ್ಲ. ಯೋಯಲ್ ರೊಮೇರೊ 2000ದ ಸಿಡ್ನಿ ಬೆಳ್ಳಿ, ಎಂಎಂಎಲಿ ಅವನು ಕುಸ್ತಿಗಿಂತ ಜಾಸ್ತಿ ಹಾರಿ ಹಾರಿ ಹೊಡೆದಿದ್ದೇ ನೆನಪು. ಹೆನ್ರಿ ಸೆಹುಡೊ 2008ರ ಬೀಜಿಂಗ್ ಚಿನ್ನ, ಅವನೂ ಅಷ್ಟೇ, ದೊಡ್ಡ ಗೆಲುವುಗಳು ಕೈಯಿಂದ ಬಂದಿದ್ದೇ ಹೆಚ್ಚು. ಆ ಕಡೆ ಮಾರ್ಸೆಲೊ ಗಾರ್ಸಿಯಾ, ಬರೀ ಗ್ರಾಪ್ಲಿಂಗ್ ಮ್ಯಾಟ್ ಮೇಲೆ ದೇವರ ಸಮಾನ, ಎಂಎಂಎಲಿ ಆಡಿದ್ದು ಒಂದೇ ಫೈಟು, 2007ರಲ್ಲಿ ಕೊರಿಯಾದಲ್ಲಿ, ಮುಖ ಒಡೆದು ಡಾಕ್ಟರ್ ನಿಲ್ಲಿಸಿದ್ರು, ಸೋತ. ಇದಕ್ಕೆ ತದ್ವಿರುದ್ಧ ಜಾರ್ಜಸ್ ಸಾಂ ಪಿಯೆರ್, ಕುಸ್ತಿ ಆಡಿ ಬೆಳೆದವನೇ ಅಲ್ಲ, ಕರಾಟೆಯಿಂದ ಬಂದವನು, 2007ರಲ್ಲಿ ಅಮೆರಿಕದ ಕಾಲೇಜು ಕುಸ್ತಿ ಚಾಂಪಿಯನ್ ಆಗಿದ್ದ ಜಾಶ್ ಕೊಸ್ಚೆಕ್‌ನನ್ನೇ ಎತ್ತಿ ಹಾಕಿ ಮೇಲೆ ಕೂತ. ಹೊಡೀತಾನೆ ಅಂತ ನೀವು ಕೈ ಎತ್ತಿದಾಗ ಸೊಂಟದ ಕೆಳಗೆ ಬಂದಿರ್ತಾನೆ, ಕೆಳಗೆ ಬಗ್ಗಿದ್ರೆ ಮುಖಕ್ಕೆ ಜ್ಯಾಬು. ಇದು ಮ್ಯಾಟ್ ಮೇಲೆ ಕಲಿಯೋ ವಿದ್ಯೆ ಅಲ್ಲ. ಏಟು ಬೀಳೋ ಜಾಗದಲ್ಲಿ ಪಟ್ಟು ಹಾಕೋದು ಬೇರೇನೇ ಕಸುಬು ಅಂತ ನಾನು ಒಪ್ಕೊಂಡಿದ್ದು ಇವನನ್ನ ನೋಡಿದ್ಮೇಲೆ.

ಹೆಂಗಸರನ್ನ ಈ ಲಿಸ್ಟುಗಳಲ್ಲಿ ಸೇರಿಸೋದೇ ಇಲ್ಲ, ಅದೂ ಒಂದು ಅನ್ಯಾಯ. ರೊಂಡಾ ರೌಸಿ ಈಗಿನ ಹುಡುಗರ ಬಾಯಲ್ಲಿ ಬರೀ ಸೋತಿದ್ದಕ್ಕೆ ನೆನಪಿರ್ತಾಳೆ, ಆದ್ರೆ 2008ರ ಒಲಿಂಪಿಕ್ಸ್ ಜೂಡೋ ಕಂಚು ತಗೊಂಡು ಬಂದು ಮೊದಲ ಎಂಟು ಫೈಟೂ ಆರ್ಮ್‌ಬಾರ್‌ನಿಂದಲೇ ಗೆದ್ದಿದಾಳೆ. ಎಂಟೂ! ಎದುರಿಗೆ ಬರೋರಿಗೆ ಎಡಗೈ ಬಲಗೈ ಜೋಪಾನ ಅಂತ ಎಲ್ಲಾ ಹೇಳಿ ಕಳಿಸಿರ್ತಾರೆ, ಆದ್ರೂ ಅದೇ ಕೈ ಕೊಟ್ಟು ಹೋಗ್ತಾರೆ. 2015ರಲ್ಲಿ ಕ್ಯಾಟ್ ಝಿಂಗಾನೊ 14 ಸೆಕೆಂಡ್. ನಾನು ವಾಲ್ಯೂಮ್ ಜಾಸ್ತಿ ಮಾಡೋಕೆ ರಿಮೋಟ್ ಹುಡುಕ್ತಾ ಇದ್ದೆ, ಮುಗಿದು ಹೋಗಿತ್ತು.

ಆಪಿನ ಎರಡನೇ ಪಾಪ ಇಲ್ಲೇ ಹೇಳ್ತೀನಿ. ವಿಡಿಯೋ ಕೆಳಗೆ ಒಟ್ಟು ಎಷ್ಟು ನಿಮಿಷ ಅಂತ ತೋರಿಸ್ತಾರಲ್ಲ, ಅದರಿಂದಲೇ ರಿಸಲ್ಟ್ ಬಯಲು. ಐದು ರೌಂಡಿನ ಫೈಟು ಅಂತ ಕೂತಿರ್ತೀರಿ, ವಿಡಿಯೋ ಇರೋದು ಒಂಬತ್ತು ನಿಮಿಷ, ಅಲ್ಲಿಗೆ ಗೊತ್ತಾಯ್ತಲ್ಲ ಕತೆ. ಥಂಬ್‌ನೇಲಲ್ಲಂತೂ ಗೆದ್ದವನು ಕೈ ಎತ್ತಿರೋ ಫೋಟೋನೇ ಹಾಕಿರ್ತಾರೆ, ಬುದ್ಧಿ ಬೇಡ್ವಾ? ನಾನು ಕೊನೆಕೊನೆಗೆ ಟಿವಿ ಕೆಳಗಿನ ಭಾಗಕ್ಕೆ ಒಂದು ಟವೆಲ್ ಇಳಿಬಿಟ್ಟು ನೋಡೋಕೆ ಶುರು ಮಾಡಿದೆ, ಸೋತವನ ಕಡೆಯೋರು ಟವೆಲ್ ಎಸೆಯೋದು ರೂಢಿ, ನಾನು ಮೊದಲೇ ಎಸೆದು ಕೂರ್ತಿದ್ದೆ. ಆದ್ರೂ 2015ರ ಡಿಮೆಟ್ರಿಯಸ್ ಜಾನ್ಸನ್ ಹೊರಿಗುಚಿ ಫೈಟಿಗೆ ಈ ಟವೆಲ್ ಉಪಾಯ ಒಳ್ಳೇ ಕೆಲಸ ಮಾಡ್ತು, ಐದನೇ ರೌಂಡು, 4 ನಿಮಿಷ 59 ಸೆಕೆಂಡ್, ಇನ್ನೊಂದೇ ಸೆಕೆಂಡ್ ಬಾಕಿ, ಆರ್ಮ್‌ಬಾರ್. ಎದ್ದು ನಿಂತ್ಬಿಟ್ಟೆ. ಇದೇ ಜಾನ್ಸನ್ 2017ರಲ್ಲಿ ರೇ ಬೋರ್ಗ್‌ನ ಹಿಂದಿನಿಂದ ಎತ್ತಿ ಗಾಳಿಗೆ ತೂರಿ, ಅವನು ನೆಲಕ್ಕೆ ಬೀಳೋ ದಾರಿಲೇ ಕೈ ಹಿಡಿದು ಆರ್ಮ್‌ಬಾರ್ ಹಾಕಿದ್ದು ನೀವೆಲ್ಲ ನೋಡೇ ಇರ್ತೀರಿ, ಅದು ಕ್ಲಿಪ್ಪಲ್ಲೂ ಚೆನ್ನಾಗೇ ಇದೆ, ಅದಕ್ಕೆ ಪೂರ್ತಿ ಫೈಟ್ ನೋಡಿ ಅಂತ ನಾನೇನೂ ಒತ್ತಾಯ ಮಾಡಲ್ಲ.

ಈಗ ನನ್ನ ಮನುಷ್ಯ, ಡೆಮಿಯನ್ ಮಾಯಾ.

ಮಾಯಾನ ಫೈಟ್ ನೋಡೋದು ಅಂದ್ರೆ ಹಾವು ಇಲಿ ಹಿಡಿಯೋದನ್ನ ಹತ್ರ ಕೂತು ನೋಡಿದ ಹಾಗೆ. ಒಂದು ಕಾಲು ಹಿಡೀತಾನೆ, ಅದು ಸಿಗದಿದ್ರೂ ಬೇಜಾರಿಲ್ಲ, ತಾನೇ ಕೆಳಗೆ ಕೂತ್ಬಿಡ್ತಾನೆ. ನೋಡೋರಿಗೆ ಇವನೇ ಬಿದ್ದ ಅನ್ಸುತ್ತೆ. ಅಲ್ಲಿಂದ ಅವನ ಕಾಲ ಸಂದಿಲಿ ತೂರಿ ಪಕ್ಕಕ್ಕೆ ಬರ್ತಾನೆ, ಪಕ್ಕದಿಂದ ಬೆನ್ನಿಗೆ ಬರ್ತಾನೆ, ಬೆನ್ನಿಗೆ ಬಂದ ಅಂದ್ರೆ ಕಾಲೆರಡನ್ನೂ ಹೊಟ್ಟೆ ಮೇಲೆ ಬೀಗ ಹಾಕಿ, ಆಮೇಲೆ ಏನೂ ಅವಸರ ಇಲ್ಲ. ಬಟ್ಟೆ ಒಣಗಿಸೋಕೆ ಹಾಕಿದವನ ಥರ ನಿಧಾನ. ಎದುರಾಳಿ ಎರಡು ಕೈಲೂ ಕತ್ತು ಕಾಪಾಡ್ಕೊಳ್ತಾ ಇರ್ತಾನೆ, ಮಾಯಾ ಒಂದು ಬೆರಳು ಬಿಡಿಸ್ತಾನೆ, ಇನ್ನೊಂದು ಬಿಡಿಸ್ತಾನೆ, ಮಧ್ಯೆ ಮಧ್ಯೆ ಕಿವಿ ಹತ್ರ ಸಣ್ಣ ಗುದ್ದು, ಅದು ನೋವಿಗಲ್ಲ, ಗಮನ ತಪ್ಪಿಸೋಕೆ. 2016ರಲ್ಲಿ ಕಾರ್ಲೋಸ್ ಕಾಂಡಿಟ್‌ನಂಥ ಕಾಂಡಿಟ್‌ನ ಎರಡು ನಿಮಿಷದೊಳಗೆ ಹೀಗೇ ಮುಗಿಸಿದ. 2012ರಲ್ಲಿ ರಿಕ್ ಸ್ಟೋರಿ ಅನ್ನೋನಿಗೆ ಕತ್ತು ಸಿಗದೇ ಮುಖಕ್ಕೇ ಕೈ ಹಾಕಿ ಬಿಗಿದಾಗ ಮೂಗಿಂದ ರಕ್ತ ಪಿಚಕಾರಿ ಥರ ಚಿಮ್ಮಿತು. ಇಷ್ಟೆಲ್ಲಾ ಮಾಡಿ ಮುಖದಲ್ಲಿ ಒಂಚೂರು ಸಿಟ್ಟು ಇರಲ್ಲ, ಎದುರಾಳಿಗೆ ನೋವು ಮಾಡದೇ ಗೆಲ್ಲೋದೇ ಇಷ್ಟ ಅನ್ನೋ ಥರದ ಮನುಷ್ಯ.

2019ರ ಅಕ್ಟೋಬರಲ್ಲಿ ಬೆನ್ ಆಸ್ಕ್ರೆನ್ ಜೊತೆ ಸಿಂಗಾಪುರದಲ್ಲಿ ಆಡಿದ್ದಿದೆಯಲ್ಲ, ನಿಮಗೆ ಒಂದೇ ಫೈಟ್ ನೋಡೋಕೆ ಟೈಮ್ ಇದೆ ಅಂದ್ರೆ ಅದನ್ನ ನೋಡಿ. ಕಾಲೇಜು ಕುಸ್ತಿಯ ದೊಡ್ಡ ಹೆಸರು ಒಂದು ಕಡೆ, ಜಿಯು ಜಿಟ್ಸುವಿನ ದೊಡ್ಡ ಹೆಸರು ಇನ್ನೊಂದು ಕಡೆ. ಮೂರನೇ ರೌಂಡಲ್ಲಿ ಆಸ್ಕ್ರೆನ್ ಮೇಲಿದ್ದಾನೆ, ಗೆದ್ದೆ ಅಂದ್ಕೊಂಡಿರ್ಬೇಕು, ಕೆಳಗಿಂದ ಮಾಯಾ ಮಗುಚಿ ಹಾಕಿ ಬೆನ್ನು ಹತ್ತಿ ಕತ್ತು ಹಿಡಿದ. ಆ ಮಗುಚೋ ಕ್ಷಣಾನ ನಾನು ಎಂಟು ಹತ್ತು ಸಲ ನೋಡಿದೀನಿ. ಆಪಲ್ಲಿ ಸ್ಲೋ ಮೋಷನ್ ಇಲ್ಲ, ಹತ್ತು ಸೆಕೆಂಡ್ ಹಿಂದೆ ಹೋಗೋ ಬಟನ್ ಒಂದೇ, ಅದನ್ನ ಒತ್ತಿ ಒತ್ತಿ ಹೆಬ್ಬೆರಳು ನೋಯ್ತು. ಪಟ್ಟುಗಳನ್ನ ನೋಡೋಕಂತಲೇ ಬರೋ ಜನಕ್ಕೆ ಸ್ಲೋ ಮೋಷನ್ ಕೊಡಲ್ಲ ಅಂದ್ರೆ ಏನ್ ಹೇಳೋದು.

ಇಷ್ಟು ಹೇಳಿದ್ಮೇಲೆ ಕಹಿ ವಿಷಯ. 2017ರಲ್ಲಿ ಬೆಲ್ಟಿಗೋಸ್ಕರ ಟೈರನ್ ವುಡ್ಲಿ ಜೊತೆ ಮಾಯಾ ಆಡಿದ ಫೈಟನ್ನ ನಾನು ಯಾವತ್ತೂ ಪೂರ್ತಿ ನೋಡಿರ್ಲಿಲ್ಲ, ಬೇಕಂತಲೇ. ಈ ಸಲ ನೋಡಿದೆ. 25 ನಿಮಿಷ. ಮಾಯಾ ಇಪ್ಪತ್ತಕ್ಕೂ ಹೆಚ್ಚು ಸಲ ಕಾಲಿಗೆ ಹೋಗ್ತಾನೆ, ಒಂದೇ ಒಂದು ಸಲವೂ ಕೆಡವೋಕಾಗಲ್ಲ. ಒಂದೂ ಇಲ್ಲ. ವುಡ್ಲಿ ಸೊಂಟ ಹಿಂದಕ್ಕೆ ಎಳ್ಕೊಂಡು, ಕಾಲು ಕಿತ್ಕೊಂಡು, ಮತ್ತೆ ನಿಲ್ತಾನೆ, ಅಷ್ಟೇ ಕೆಲಸ. ಜನ ಬೋರಿಂಗ್ ಅಂತ ಕೂಗ್ತಾರೆ, ನಂಗೆ ಮಾತ್ರ ಯಾರೋ ಹತ್ರದೋರಿಗೆ ಕಷ್ಟ ಬಂದಿದ್ದನ್ನ ನೋಡಿದ ಹಾಗಾಯ್ತು. ಅಡುಗೆ ಅದ್ಭುತ, ಆದ್ರೆ ಅಡುಗೆಮನೆ ಬಾಗಿಲೇ ತೆಗೆಯೋಕಾಗ್ತಿಲ್ಲ ಅಂದ್ರೆ? ನೆಲದ ಮೇಲೆ ಮಾಯಾನ ಮೀರಿಸೋರು ಇಲ್ಲ ಅಂತ ಈಗ್ಲೂ ಹೇಳ್ತೀನಿ, ಆದ್ರೆ ನೆಲಕ್ಕೆ ಕರ್ಕೊಂಡು ಹೋಗೋದೂ ಗ್ರಾಪ್ಲಿಂಗೇ ಅಲ್ವಾ, ಅದನ್ನ ಬಿಟ್ಟು ಲೆಕ್ಕ ಹಾಕೋಕೆ ಆಗುತ್ತಾ.

ಆ ಮೂಡಲ್ಲೇ ಕಬೀಬ್ ನೂರ್‌ಮಗೊಮೆಡೊವ್ ಹುಡುಕೋಕೆ ಕೂತೆ. ಹುಡುಕೋಕೆ ಅಂದೆ ಯಾಕಂದ್ರೆ ಈ ಆಪಿನ ಸರ್ಚಲ್ಲಿ ಸ್ಪೆಲ್ಲಿಂಗ್ ಒಂದಕ್ಷರ ಹೆಚ್ಚುಕಮ್ಮಿ ಆದ್ರೂ "ಏನೂ ಸಿಗಲಿಲ್ಲ" ಅಂತ ಬರುತ್ತೆ, ಡಾಗೆಸ್ತಾನದ ಹೆಸರುಗಳನ್ನ ತಪ್ಪಿಲ್ಲದೇ ಟೈಪ್ ಮಾಡೋದು ಅವರ ಟೇಕ್‌ಡೌನ್ ತಪ್ಪಿಸ್ಕೊಂಡಷ್ಟೇ ಕಷ್ಟ.

2016ರ ಮೈಕಲ್ ಜಾನ್ಸನ್ ಫೈಟು, 2018ರ ಮೆಕ್‌ಗ್ರೆಗರ್ ಫೈಟು, 2019ರ ಪೊಯ್ರಿಯೆ ಫೈಟು, ಮೂರನ್ನೂ ಚುಟುಕಲ್ಲ, ಪೂರ್ತಿ ನೋಡಿದೆ. ಮೆಕ್‌ಗ್ರೆಗರ್ ಫೈಟಿನ ಮೊದಲ ರೌಂಡು ಚುಟುಕು ಆವೃತ್ತಿಲಿ ಹೆಚ್ಚೂಕಮ್ಮಿ ಇಲ್ವೇ ಇಲ್ಲ, ಏನೂ ಆಗಲಿಲ್ಲ ಅನ್ನೋ ಥರ ದಾಟಿಸಿದಾರೆ. ಪೂರ್ತಿಲಿ ನೋಡಿ. ಕಾಲು ಹಿಡಿದ, ಬೇಲಿಗೆ ಒತ್ತಿದ, ಕೂರಿಸಿದ. ಬೇರೆಯೋರಿಗೆ ಬೇಲಿ ಅಂದ್ರೆ ತೊಂದರೆ, ಯಾಕಂದ್ರೆ ಕೆಳಗೆ ಬಿದ್ದವನು ಬೆನ್ನು ಬೇಲಿಗೆ ಒರಗಿಸಿ ತೆವಳ್ಕೊಂಡು ಎದ್ಬಿಡ್ತಾನೆ. ಕಬೀಬ್ ಅದನ್ನೇ ಬೋನು ಮಾಡ್ಕೊಂಡ. ಎದುರಾಳಿ ಬೇಲಿಗೆ ಒರಗಿ ಕಾಲು ಚಾಚಿ ಕೂತಿರ್ತಾನಲ್ಲ, ಇವನು ತನ್ನ ಕಾಲುಗಳನ್ನ ಅವನ ಎರಡು ಕಾಲಿಗೂ ಸೇರಿಸಿ ಸುತ್ತಿ ಕಟ್ಟಿ ಹಾಕ್ತಾನೆ. ಈಗ ಅವನು ಏಳಬೇಕು ಅಂದ್ರೆ ಒಂದು ಕೈ ನೆಲಕ್ಕೆ ಊರಬೇಕು. ಊರಿದ ತಕ್ಷಣ ಕಬೀಬ್ ಆ ಮುಂಗೈಯನ್ನ ಬೆನ್ನ ಹಿಂದಿನಿಂದ ಹಿಡ್ಕೊಂಡ್ಬಿಡ್ತಾನೆ. ಕಾಲು ಕಟ್ಟಿದೆ, ಒಂದು ಕೈ ಹೋಯ್ತು, ಉಳಿದ ಒಂದು ಕೈಲಿ ಮುಖ ಕಾಪಾಡ್ಕೊಳ್ಬೇಕಾ ಎದ್ದೇಳ್ಬೇಕಾ? ಎರಡೂ ಆಗಲ್ಲ. ಹೀಗೆ ಕೂರಿಸ್ಕೊಂಡು ಗುದ್ದುತಾ ಇರ್ತಾನೆ, ಮೈಕಲ್ ಜಾನ್ಸನ್‌ಗಂತೂ ಗುದ್ದುತಾ ಗುದ್ದುತಾನೇ ಬಿಟ್ಕೊಡು ಮಾರಾಯ ಅಂತ ಬುದ್ಧಿ ಬೇರೆ ಹೇಳ್ತಾನೆ, ಮೇಷ್ಟ್ರು ಕಿವಿ ಹಿಂಡ್ತಾ ಪಾಠ ಮಾಡಿದ ಹಾಗೆ.

ಮುಖ್ಯ ವಿಷಯ ಏನು ಗೊತ್ತಾ, ಎಲ್ಲರಿಗೂ ಇದು ಮೊದಲೇ ಗೊತ್ತಿತ್ತು. ರಾಯ್ಸ್ ಕಾಲದ ಥರ ಅಲ್ಲ. ಕಬೀಬ್ ಎದುರು ಬಂದೋರು ತಿಂಗಳುಗಟ್ಲೆ ಇದೊಂದನ್ನೇ ತಡೆಯೋಕೆ ತಯಾರಿ ಮಾಡ್ಕೊಂಡು ಬಂದೋರು, ಕುಸ್ತಿ ಗೊತ್ತಿದ್ದೋರು, ಜಸ್ಟಿನ್ ಗೇಜಿಯಂತೂ ಕಾಲೇಜು ಕುಸ್ತಿಲಿ ಮೇಲ್ಮಟ್ಟಕ್ಕೆ ಹೋಗಿದ್ದವನು. 2020ರ ಅಕ್ಟೋಬರಲ್ಲಿ ಅವನನ್ನ ಎರಡನೇ ರೌಂಡಲ್ಲಿ ಟ್ರಯಾಂಗಲ್ ಹಾಕಿ ಮಲಗಿಸಿ, ಅಪ್ಪ ತೀರ್ಕೊಂಡು ನಾಲ್ಕು ತಿಂಗಳೂ ಆಗಿರ್ಲಿಲ್ಲ, ಗ್ಲೋವ್ಸ್ ಬಿಚ್ಚಿ ಕೇಜ್ ಮಧ್ಯೆ ಇಟ್ಟು ಆಟ ಬಿಟ್ಟು ಹೋದ. ಬರ್ತಾನೆ ಅಂತ ಗೊತ್ತಿದ್ದೂ ತಡೆಯೋಕಾಗದೇ ಇರೋದು, ನಂಗೆ ಈಗ ಇದೊಂದೇ ಅಳತೆಗೋಲು. ಇದರಲ್ಲಿ ಅಳೆದ್ರೆ ಚಾರ್ಲ್ಸ್ ಒಲಿವೇರಾ ಕೂಡ, ಯುಎಫ್‌ಸಿಲಿ ಅತಿ ಹೆಚ್ಚು ಸಬ್ಮಿಷನ್ (ಪಟ್ಟು ಹಾಕಿ ಸೋಲೊಪ್ಪಿಸೋ ಗೆಲುವು) ದಾಖಲೆ ಅವನದೇ ಇದ್ರೂ, ಒಂದು ಮೆಟ್ಟಿಲು ಕೆಳಗೇ ನಿಲ್ತಾನೆ, ಯಾಕಂದ್ರೆ 2022ರಲ್ಲಿ ಕಬೀಬ್ ಶಿಷ್ಯನಂತಿರೋ ಇಸ್ಲಾಂ ಮಖಚೇವ್ ಅವನನ್ನೇ ಆರ್ಮ್ ಟ್ರಯಾಂಗಲ್‌ನಲ್ಲಿ ಟ್ಯಾಪ್ ಮಾಡಿಸಿದ. ಖಮ್ಝತ್ ಚಿಮಾಯೆವ್ 2025ರಲ್ಲಿ ಡು ಪ್ಲೆಸಿ ಮೇಲೆ 25 ನಿಮಿಷದಲ್ಲಿ 21 ನಿಮಿಷಕ್ಕೂ ಹೆಚ್ಚು ಕೂತಿದ್ದು ನೋಡಿದ್ರೆ ಮುಂದೆ ಈ ಲಿಸ್ಟ್ ಬದಲಾದ್ರೂ ಆಗ್ಬೋದು, ನೋಡೋಣ.

ಹಾಗಾಗಿ ಹೌದು, ಮೂರು ತಿಂಗಳು ದುಡ್ಡು ಕಟ್ಟಿ ನಾನು ಸಾಬೀತು ಮಾಡಿದ್ದು ನನ್ನ ಗೆಳೆಯ ಹೇಳಿದ್ದೇ ಸರಿ ಅಂತ. ಕಬೀಬ್ ಒಂದು, ಮಾಯಾ ಎರಡು, ಮೂರಕ್ಕೆ ವೆರ್ಡುಮ್, ನೊಗೇರಾ ಅಭಿಮಾನಿಗಳು ಬೈಕೊಳ್ಳಲಿ.

ಸರ್ವಿಸ್‌ಗೆ ಐದರಲ್ಲಿ ಮೂರು ಸ್ಟಾರ್. ಆ ಮೂರೂ ಅವರ ಹಳೇ ಫೈಟುಗಳ ರಾಶಿಗೆ, ಆಪಿಗೆ ಅಲ್ಲ. ಹಳೇ ಜಪಾನ್ ಫೈಟುಗಳ ಚಿತ್ರ ಮಸುಕಾಗಿದೆ, ಆದ್ರೆ ಅಲ್ಲಿ ಜನ ಪಿನ್ ಡ್ರಾಪ್ ಸೈಲೆಂಟಾಗಿ ಕೂತು, ಒಬ್ಬ ಹಾಫ್ ಗಾರ್ಡಿಂದ ಕಾಲು ಬಿಡಿಸ್ಕೊಂಡ ಕೂಡ್ಲೇ "ಓಓ" ಅಂತಾರಲ್ಲ, ಆ ಸದ್ದು ಕೇಳೋಕಾದ್ರೂ ಒಂದ್ಸಲ ನೋಡಿ. ಕಾಮೆಂಟರಿ ಆಫ್ ಮಾಡಿ ಬರೀ ಗ್ರೌಂಡ್ ಸೌಂಡ್ ಕೇಳೋ ಆಪ್ಷನ್ ಕೆಲವಕ್ಕೆ ಇದೆ, ಅದು ಚಿನ್ನ. ಕಸ್ಟಮರ್ ಸಪೋರ್ಟಿಗೆ ಚುಟುಕು ಆವೃತ್ತಿ ಡೀಫಾಲ್ಟಿಂದ ತೆಗೀರಿ ಅಂತ ಮೂರು ಮೇಲ್ ಹಾಕಿದೆ, ಮೂರಕ್ಕೂ ಬಂದಿದ್ದು ಒಂದೇ ಉತ್ತರ, ಆಪ್ ಅಪ್‌ಡೇಟ್ ಮಾಡಿ ಅಂತ. ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡೋ ಬಟನ್ನು ಎಲ್ಲಿಟ್ಟಿದಾರೆ ಅಂತ ಹುಡುಕೋಕೆ ಅರ್ಧ ಗಂಟೆ ಬೇಕಾಯ್ತು, ಹಿಡಿದ ಪಟ್ಟು ಬಿಡದೇ ಇರೋದ್ರಲ್ಲಿ ಅವರೂ ಕಮ್ಮಿ ಇಲ್ಲ.

ಕ್ಯಾನ್ಸಲ್ ಮಾಡೋ ಹಿಂದಿನ ರಾತ್ರಿ ಆಟೋಪ್ಲೇಲಿ ತಾನಾಗೇ ಒಂದು ಫೈಟ್ ಶುರುವಾಯ್ತು. 2012ರ ಜುಲೈ, ಕಬೀಬ್ ಮತ್ತೆ ಗ್ಲೀಸನ್ ಟಿಬಾವ್. ಕಬೀಬ್ ಹದಿಮೂರು ಸಲ ಟೇಕ್‌ಡೌನಿಗೆ ಹೋಗ್ತಾನೆ, ಟಿಬಾವ್ ಹದಿಮೂರೂ ತಡೀತಾನೆ. ಒಂದೂ ಇಲ್ಲ, ನಮ್ಮ ಮಾಯಾಗೆ ವುಡ್ಲಿ ಮಾಡಿದ ಹಾಗೇ. ಜಡ್ಜ್‌ಗಳು ಗೆಲುವು ಕೊಟ್ಟಿದ್ದು ಕಬೀಬ್‌ಗೇ, ಅದು ಸರಿನಾ ಅಂತ ಇವತ್ತಿಗೂ ಜನ ಕಿತ್ತಾಡ್ತಾರೆ. ಟವೆಲ್ ತೆಗೆದು ಪಕ್ಕಕ್ಕಿಟ್ಟು ಎದ್ದು ಕೂತು ಪೂರ್ತಿ ನೋಡಿದೆ. ಮುಗಿದ ಕೂಡ್ಲೇ, ರಾತ್ರಿ ಒಂದೂವರೆ ಗಂಟೆ, ಗೆಳೆಯನಿಗೆ ಲಿಂಕ್ ಕಳಿಸಿದೆ, ಇದನ್ನ ಚುಟುಕಲ್ಲ ಕಣೋ, ಪೂರ್ತಿ ನೋಡು ಅಂತ. ಬ್ಲೂ ಟಿಕ್ ಬಂದು ನಾಲ್ಕು ದಿನ ಆಯ್ತು, ಉತ್ತರ ಇಲ್ಲ. ನಾನೂ ಇನ್ನೊಂದು ತಿಂಗಳಿಗೆ ದುಡ್ಡು ಕಟ್ಟಿದೀನಿ.